ಗಗನಪ್ಪನ ಬೆಣ್ಣೆಯಂಥ ದಾರಿ

ಮಕ್ಕಳೇ, ಹಿಮಾಲಯದ ಒಂದು ಮೂಲೆಯಲ್ಲಿ ಒಂದು ಬೆಟ್ಟವಿತ್ತು. ಎತ್ತರ ಎಷ್ಟು ಅಂತೀರಾ? ಹುಣ್ಣಿಮೆಯ ಚಂದ್ರ ಅದನ್ನು ದಾಟುವಾಗ ಉಸಿರು ಬಿಗಿಹಿಡಿದು, ಹೊಟ್ಟೆ ಒಳಗೆಳೆದುಕೊಳ್ಳಬೇಕಿತ್ತು! ನಂಬದವರು ಹಗ್ಗ ಹಿಡಿದು ಹೋಗಿ ಅಳೆದು ಬನ್ನಿ, ಕತೆ ಅಲ್ಲಿಯವರೆಗೆ ಕಾಯುತ್ತದೆ.

ಆ ಬೆಟ್ಟದ ಬುಡದಲ್ಲಿ ಒಂದು ಬಂಡೆ. ಬಂಡೆಯ ಮೇಲೆ ಗಗನಪ್ಪ ಎಂಬ ಕಾಗೆ. ಬೆಟ್ಟ ದಾಟುವ ಪ್ರಾಣಿಗಳೆಲ್ಲ ಅವನನ್ನು ಕೇಳಿಯೇ ಹೊರಡುತ್ತಿದ್ದವು.

“ಗಗನಪ್ಪ ಮಾವಾ, ಮೇಲೆ ದಾರಿ ಹೇಗಿದೆ?”

“ಬೆಣ್ಣೆ! ಬೆಣ್ಣೆ! ಕಣ್ಣು ಮುಚ್ಚಿಕೊಂಡು ನಡಿ.”

ಅವನೇನು ಸುಳ್ಳುಗಾರನಲ್ಲ, ಪಾಪ. ದಿನಾ ಹಾರಿಹೋಗಿ ನೋಡಿಯೇ ಬರುತ್ತಿದ್ದ. ಆದರೆ ಆಕಾಶದಿಂದ ನೋಡಿದರೆ ಏರೂ ಇಳಿಜಾರೂ ಒಂದೇ, ಎಲ್ಲ ದೋಸೆಯ ಹಾಗೆ ಸಪಾಟು! ಹೋದವರು ಮೊಣಕಾಲು ತರಚಿಕೊಂಡು ವಾಪಸು ಬಂದರೆ, “ದಾರಿ ಸರಿಯಾಗೇ ಇದೆ, ನಿನ್ನ ಕಾಲೇ ಸೊಟ್ಟ” ಎಂದುಬಿಡುತ್ತಿದ್ದ. ‘ಗೊತ್ತಿಲ್ಲ’ ಎಂಬ ಮಾತು ಮಾತ್ರ ಅವನ ಕೊಕ್ಕಿನಿಂದ ಹೊರಟದ್ದೇ ಇಲ್ಲ. ಮೀನಿಗೆ ಎಷ್ಟು ಹಲ್ಲು ಎಂದು ಕೇಳಿದರೂ, “ಮೇಲಿನದೋ ಕೆಳಗಿನದೋ?” ಎನ್ನುವ ಆಸಾಮಿ.

ಒಂದು ಬೆಳಿಗ್ಗೆ ಗೊರಸಕ್ಕ ಎಂಬ ಕಾಡುಮೇಕೆಯೂ ಪುಟಿಯ ಎಂಬ ಮೊಲವೂ ಬಂದರು. ಈ ಕಡೆ ಹುಲ್ಲು ಮುಗಿದಿತ್ತು. ದೊಡ್ಡ ಹಿಮ ಬೀಳುವ ಮೊದಲು ಆಚೆಯ ಹುಲ್ಲುಗಾವಲು ಸೇರದಿದ್ದರೆ ಚಳಿಗಾಲವೆಲ್ಲ ಉಪವಾಸ.

“ದಾರಿ ಬೆಣ್ಣೆ” ಎಂದ ಗಗನಪ್ಪ.

“ಹಾಗಾದರೆ ನೀನೂ ಬಾ” ಎಂದಳು ಗೊರಸಕ್ಕ. “ಬೆಣ್ಣೆ ಎಲ್ಲರೂ ತಿನ್ನೋಣ.”

“ಓಹೋ, ಅದಕ್ಕೇನಂತೆ!” ಎಂದು ಎದೆಯುಬ್ಬಿಸಿ ಹಾರಿದ.

ಅರ್ಧ ಬೆಟ್ಟ ಏರುವಷ್ಟರಲ್ಲಿ ಮಂಜು ಕವಿಯಿತು. ಗಗನಪ್ಪನ ರೆಕ್ಕೆ ಒದ್ದೆಯಾಗಿ, ಹೆಪ್ಪುಗಟ್ಟಿ, ಕರಿದ ಹಪ್ಪಳದ ಹಾಗೆ ಗರಿಗರಿಯಾಯಿತು. ಹಾರಲು ಹೋದರೆ ಬರೀ ಟಕಟಕ ಸದ್ದು. ಪಾಪ, ಹುಟ್ಟಿದ ಮೇಲೆ ಮೊದಲ ಸಲ ಬೆಟ್ಟ ಹತ್ತಲು ಕಾಲು ಬಳಸಬೇಕಾಯಿತು!

ಅಯ್ಯಯ್ಯೋ! ಮೇಲಿಂದ ಸಾಸಿವೆ ಚೆಲ್ಲಿದಂತೆ ಕಂಡದ್ದು ಒಂದೊಂದೂ ಆನೆ ಗಾತ್ರದ ಬಂಡೆ. ದಾರದಂತೆ ಕಂಡ ಝರಿಯಲ್ಲಿ ಗೊರಸಕ್ಕನ ಹೊಟ್ಟೆಯೇ ಮುಳುಗಿತು. ಪುಟಿಯ ಅವಳ ಬೆನ್ನೇರಿ, ಗಗನಪ್ಪ ಅವಳ ಕೊಂಬು ತಬ್ಬಿಕೊಂಡು ದಾಟಿದರು. ಸಡಿಲ ಕಲ್ಲಿನ ಏರಿನಲ್ಲಿ ಎರಡು ಹೆಜ್ಜೆ ಹತ್ತಿದರೆ ಮೂರು ಹೆಜ್ಜೆ ಕೆಳಗೆ.

“ಮಾವಾ, ಬೆಣ್ಣೆ ಜಾರುತ್ತದೆ ಅಂತ ಮೊದಲೇ ಹೇಳಬಾರದಿತ್ತೇ?” ಎಂದ ಪುಟಿಯ.

“ಬಾಯಿಮುಚ್ಚಿಕೊಂಡು ಹತ್ತೋ” ಎಂದ ಗಗನಪ್ಪ, ಏದುಸಿರು ಬಿಡುತ್ತಾ.

ಕೊನೆಗೊಂದು ಕಡೆ ದಾರಿಗೆ ಅಡ್ಡವಾಗಿ ಬೆಳ್ಳನೆಯ ಹಿಮ. ಅದರಾಚೆ ಬೆಟ್ಟದ ನೆತ್ತಿ. ಪುಟಿಯ ಹಿಂಗಾಲು ಮಡಚಿ ನೆಗೆಯಲು ಸಿದ್ಧನಾದ.

“ಮಾವಾ, ಇಲ್ಲಿ ಹಿಮ ಗಟ್ಟಿ ತಾನೇ?”

‘ಗಟ್ಟಿ’ ಎಂಬ ಮಾತು ಗಗನಪ್ಪನ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಅಷ್ಟರಲ್ಲಿ ಕಾಲಡಿಯಲ್ಲಿ ಎಲ್ಲೋ ಆಳದಿಂದ ಗುಳುಗುಳು ಸದ್ದು. ನೀರು! ಮೇಲಿಂದ ನೋಡಿದಾಗ ಈ ಜಾಗವೂ ಬೆಳ್ಳಗಿತ್ತು, ಪಕ್ಕದ ಜಾಗವೂ ಬೆಳ್ಳಗಿತ್ತು. ಕೆಳಗೆ ಏನಿದೆ ಎಂದು ಅವನು ಯಾವಾಗ ನೋಡಿದ್ದ? ಆದರೆ ಈಗ ಬಾಯಿಬಿಟ್ಟರೆ ಇಷ್ಟು ವರ್ಷದ ಮರ್ಯಾದೆ ಏನಾಗಬೇಕು?

ಪುಟಿಯನ ಬಾಲ ಅಲುಗಿತು. ಇನ್ನೇನು ನೆಗೆದ…

“ನಿಲ್ಲೋ! ನನಗೆ ಗೊತ್ತಿಲ್ಲ!”

ಗಗನಪ್ಪನ ಕೂಗಿಗೆ ಪುಟಿಯ ಬೆಚ್ಚಿ ಹಿಂದಕ್ಕೆ ಉರುಳಿದ. “ಏನಂದೆ?” ಎಂದಳು ಗೊರಸಕ್ಕ.

“ಗೊತ್ತಿಲ್ಲ ಅಕ್ಕಾ. ನಾನು ಒಂದು ದಿನವೂ ಇದನ್ನು ತುಳಿದವನಲ್ಲ.”

ಗೊರಸಕ್ಕ ಒಂದು ಬಂಡೆಯನ್ನು ಕೊಂಬಿನಿಂದ ತಳ್ಳಿದಳು. ಬಂಡೆ ಉರುಳಿ ಹಿಮದ ನಡುವಿಗೆ ಹೋಯಿತು. ಧಡಾರ್! ಹಿಮದ ಹೊದಿಕೆ ಕುಸಿದು, ಕೆಳಗೆ ಕಪ್ಪು ಕೊರಕಲು ಬಾಯಿ ತೆರೆಯಿತು. ಬಂಡೆ ತಳ ಮುಟ್ಟಿದ ಸದ್ದು ಕೇಳಲು ಮೂವರೂ ಕಿವಿಗೊಟ್ಟು ನಿಂತರು. ಮಕ್ಕಳೇ, ಆ ಸದ್ದು ಇನ್ನೂ ಬಂದಿಲ್ಲವಂತೆ!

ಆಮೇಲೆ ಗೊರಸಕ್ಕ ಮುಂದೆ, ಕಲ್ಲು ಕಲ್ಲನ್ನೂ ಗೊರಸಿನಿಂದ ತಟ್ಟಿ ನೋಡುತ್ತಾ. ಕೊರಕಲನ್ನು ಬಳಸಿಕೊಂಡು ಹೊತ್ತು ಇಳಿಯುವ ಮೊದಲು ಆಚೆ ಸೇರಿದರು. ಅಲ್ಲಿ ಬಿಸಿಲು ಬಿದ್ದಿತ್ತು, ಹುಲ್ಲು ಮೊಣಕಾಲುದ್ದ ಇತ್ತು. ಗಗನಪ್ಪ ರೆಕ್ಕೆ ಹರಡಿ ಒಣಗಲು ಕೂತ.

ಪುಟಿಯ ಬಾಯಿತುಂಬ ಹುಲ್ಲು ತುಂಬಿಕೊಂಡೇ ಬಂದ. “ಮಾವಾ, ಆ ಮಾತು ಇನ್ನೊಂದು ಸಲ ಹೇಳು, ಕೇಳೋಕೆ ಬಹಳ ಇಂಪಾಗಿತ್ತು.”

“ಹೋಗೋ! ಹೊಸ ಮಾತು, ಗಂಟಲು ಇನ್ನೂ ನೋಯ್ತಿದೆ” ಎಂದ ಗಗನಪ್ಪ. ಮೂವರೂ ಬಿದ್ದು ಬಿದ್ದು ನಕ್ಕರು.

ನೀತಿ: ತುಳಿಯದ ದಾರಿಗೆ ಸಾಕ್ಷಿ ಹೇಳಬೇಡ, ‘ಗೊತ್ತಿಲ್ಲ’ ಎಂದರೆ ಮಾನ ಹೋಗದು, ತಿಳಿಯದೆ ‘ಗೊತ್ತು’ ಎಂದರೆ ಪ್ರಾಣವೇ ಹೋದೀತು.