ಕೊಲಂಬಸ್ ದೋಣಿಗೆ ಮಾಯಿಗನ ಕಾವಲು

ತೂಕಡಿಸೋರು ಹಿಂದಕ್ಕೆ ಹೋಗಿ, ನಗೋರು ಮುಂದಕ್ಕೆ ಬನ್ನಿ. ನಡುವೆ ಬಾಯಿ ಹಾಕೋರು ಎದ್ದು ಆಚೆ ಹೋಗಿ. ನನಗೆ ಒಂದು ಮಾತನ್ನ ಎರಡೆರಡು ಸಲ ಹೇಳೋ ಅಭ್ಯಾಸ ಇಲ್ಲ.

ನಿಂಗಾಜಮ್ಮ ಅಂತ ಒಬ್ಬಳು ಅವ್ವ. ಅವಳಿಗೆ ಮಾಯಿಗ ಅಂತ ಒಬ್ಬನೇ ಮಗ. ಮಗನಿಗೆ ಇಪ್ಪತ್ತಾರು ತುಂಬಿತ್ತು. ಮೀಸೆ ಇತ್ತು, ಬಲ ಇತ್ತು, ಹಸಿವು ಬೇಕಾದಷ್ಟು ಇತ್ತು. ಬುದ್ಧಿ ಒಂದಿರಲಿಲ್ಲ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಅವನ ತಲೆಯಲ್ಲಿ ಒಂದು ಮಾತಿಗೆ ಮಾತ್ರ ಜಾಗ, ಹೊಸದು ಬಂತು ಅಂದ್ರೆ ಹಳೇದು ಆಚೆಗೆ. "ಹಾಲು ಉಕ್ಕೋ ತನಕ ಇಲ್ಲೇ ಕೂತಿರ್ಲಾ" ಅಂತ ಅವ್ವ ನೀರಿಗೆ ಹೋದ್ರೆ, ಉಕ್ಕೋ ತನಕ ಕೂತಿದ್ದು, ಉಕ್ಕಿದ ಕೂಡ್ಲೇ ಎದ್ದು ಆಟಕ್ಕೆ ಹೋಗೋನು.

"ಅಯ್ಯೋ ನನ್ನ ಹಣೆಬರಹವೇ! ನಾನು ಸತ್ತ ಮೇಲೆ ನಿನ್ನ ಗತಿ ಏನ್ಲಾ?" ಅಂತ ಅವ್ವ ಹಣೆ ಹಣೆ ಚಚ್ಕೊಂಡ್ಲು.

"ನೀನು ಸಾಯೋ ತನಕ ಇಲ್ಲೇ ಕೂತಿರ್ತೀನಿ ಕಣವ್ವ" ಅಂದ ಮಗ.

ಹಿಟ್ಟಿನ ಗಿರಣಿಗೆ ಹಾಕಿದ್ಲು, ಒಂದೂವರೆ ದಿನಕ್ಕೆ ವಾಪಸ್ಸು ಬಂದ. ದಿನಸಿ ಅಂಗಡಿಗೆ ಹಾಕಿದ್ಲು, ಊಟದ ಹೊತ್ತಿಗೆ ಬಂದ. ಕೊನೆಗೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ತಮ್ಮನ ಹತ್ರ ಹೋದ್ಲು. ತಮ್ಮ ಮರಿದೇವರು ಪಟ್ಟಣದಾಚೆ ಗಿರಗಿಟ್ಲೆ ಪಾರ್ಕಿನ ಮ್ಯಾನೇಜರು. ಅಲ್ಲಿ ಪುಟಾಣಿ ರೈಲು ಇತ್ತು, ಜಾಯಿಂಟ್ ವೀಲು ಇತ್ತು, ಎಲ್ಲಕ್ಕಿಂತ ಮೇಲೆ ಕೊಲಂಬಸ್ ದೋಣಿ ಇತ್ತು. ಕಬ್ಬಿಣದ ದೋಣಿ, ನೀರಿಲ್ಲ, ಗಾಳಿಯಲ್ಲೇ ತೂಗೋದು. ಒಂದು ಸಲ ಈ ತುದಿ ಆಕಾಶಕ್ಕೆ, ಒಂದು ಸಲ ಆ ತುದಿ ಆಕಾಶಕ್ಕೆ, ನಡುವೆ ಕೂತೋರ ಜೀವ ಬಾಯಿಗೆ.

"ತಮ್ಮಯ್ಯ, ನನ್ನ ಮಗನಿಗೊಂದು ಕೆಲಸ ಕೊಡೋ ತನಕ ನಾನು ಇಲ್ಲಿಂದ ಏಳೋದಿಲ್ಲ" ಅಂತ ನಿಂಗಾಜಮ್ಮ ಗೇಟಿನಲ್ಲೇ ಕೂತ್ಲು.

"ಅಕ್ಕ, ಇದು ಮಕ್ಕಳ ಜೀವದ ಜೊತೆ ಮಾಡೋ ಕೆಲಸ ಕಣಕ್ಕ!"

"ಅವನು ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಾನೆ."

"ನನಗೆ ಅದೇ ಭಯ!"

ಅಕ್ಕ ಏಳಲಿಲ್ಲ. ಬಿಸಿಲು ಏರಿತು, ಬಿಸಿಲು ಇಳೀತು, ಅಕ್ಕ ಏಳಲಿಲ್ಲ. ಮರಿದೇವರು ಸೋತು ಅಂದ, "ಗುರುವಾರದಿಂದ ಭಾನುವಾರ, ನಾಲ್ಕು ದಿನ ನೋಡ್ತೀನಿ. ನಿಂತ್ಕೊಂಡ್ರೆ ಕಾಯಂ. ಇಲ್ಲಾಂದ್ರೆ ಇನ್ನೊಂದು ಸಲ ಈ ಮಾತು ಎತ್ತಬೇಡ."

ಅವ್ವ ಮಗನ ಎರಡೂ ಕೈ ಹಿಡ್ಕೊಂಡ್ಲು. "ಇದೇ ಕೊನೆ ಕಣ್ಲಾ ಮಗನೇ. ಇದೂ ಹೋದ್ರೆ ನಿನ್ನ ಯಾರೂ ಕೆಲಸಕ್ಕೆ ಕರೆಯೋರಿಲ್ಲ. ನಾನು ಕಣ್ಮುಚ್ಚಿದ ಮೇಲೆ ಒಂದು ತುತ್ತಿಗೆ ಯಾರ ಬಾಗಿಲಲ್ಲಿ ನಿಲ್ತೀಯ?" ಅಂತ ಅತ್ಲು. ಮಾಯಿಗನಿಗೆ ಬೇರೆ ಏನೂ ತಿಳೀತಿರಲಿಲ್ಲ, ಆದ್ರೆ ಅವ್ವ ಅತ್ರೆ ತಿಳೀತಿತ್ತು. ಅವನು ಹಲ್ಲು ಕಚ್ಚಿ ನಿರ್ಧಾರ ಮಾಡಿದ. ಏನೇ ಆಗ್ಲಿ, ಹೇಳಿದ ಮಾತು ತಪ್ಪಬಾರದು, ಕೆಲಸ ಕಳ್ಕೋಬಾರದು.

ಗುರುವಾರ ಬಂತು. ಮಾವ ಅವನ ಕೊರಳಿಗೆ ಒಂದು ಸೀಟಿ ಹಾಕಿ, ದೋಣಿ ಗೇಟಿನ ಕಂಬದ ಹತ್ರ ನಿಲ್ಲಿಸಿದ. "ನೋಡ್ಲಾ, ಕಂಬದ ಮೇಲೆ ಕೆಂಪು ಗೆರೆ. ತಲೆ ಗೆರೆಗಿಂತ ಮೇಲಿದ್ರೆ ಹತ್ತಿಸು, ಕೆಳಗಿದ್ರೆ ಬಿಡಬೇಡ. ಎಲ್ಲಾ ಕೂತ ಮೇಲೆ ಒಂದು ಸೀಟಿ ಊದಿದ್ರೆ ಹಿಂದಿನ ಕೋಣೆಯಲ್ಲಿ ಸ್ವಿಚ್ಚಿನೋನು ದೋಣಿ ಬಿಡ್ತಾನೆ. ಎರಡು ಊದಿದ್ರೆ ನಿಲ್ಲಿಸ್ತಾನೆ. ತಿಳೀತಾ?"

"ತಿಳೀತು ಮಾವ!"

ಅಂಗನವಾಡಿ ಕೂಸುಗಳು ಆ ದೋಣಿ ಹತ್ತಬಾರದು ಅಂತಾನೇ ಆ ಗೆರೆ. ಅದನ್ನ ಮಾವ ಬಾಯಿಬಿಟ್ಟು ಹೇಳಲಿಲ್ಲ. ಯಾರು ಹೇಳ್ತಾರೆ? ಕೋಳಿಗೂ ಗೊತ್ತಿರೋ ವಿಷಯ.

ಒಬ್ಬ ಅಪ್ಪ ಮೂರು ವರ್ಷದ ಮಗನ್ನ ಹೆಗಲ ಮೇಲೆ ಕೂರಿಸ್ಕೊಂಡು ಬಂದ. ಮಾಯಿಗ ಗೆರೆ ನೋಡಿದ, ತಲೆ ನೋಡಿದ. ಕೂಸಿನ ತಲೆ ಗೆರೆಗಿಂತ ಎರಡು ಮೊಳ ಮೇಲೆ!

"ಏನಣ್ಣ ನಿಮ್ಮ ಮಗ! ನಿಮಗಿಂತ ಉದ್ದ ಇದಾನೆ! ಹತ್ತಿಸಿ, ಹತ್ತಿಸಿ!"

ಅವರ ಹಿಂದೆ ಬೆನ್ನು ಬಾಗಿದ ಒಬ್ಬ ಅಜ್ಜಿ. ತಲೆ ಗೆರೆಗಿಂತ ನಾಲ್ಕು ಬೆರಳು ಕೆಳಗೆ. "ಆಗಲ್ಲ ಅಜ್ಜಿ, ಇನ್ನೊಂಚೂರು ಬೆಳೆದು ಬನ್ನಿ" ಅಂದ. ಅಜ್ಜಿ ಶಾಪ ಹಾಕಿದ್ಲು. ಮಾಯಿಗ ಸೀಟಿ ಹಾಕಿದ.

ದೋಣಿ ತೂಗ್ತು. ಕೂಸು ಕಿಟಾರನೆ ಕಿರುಚ್ತು. ಬೆಳಗ್ಗೆ ತಿಂದ ಇಡ್ಲಿಯೆಲ್ಲ ಮೇಲಿಂದ ಬಂದು, ಕೆಳಗೆ ನಿಂತಿದ್ದ ಮರಿದೇವರ ಬೋಳು ತಲೆ ಮೇಲೆ ಬಿತ್ತು.

"ಲೋ ಬೆಪ್ಪುತಕ್ಕಡಿ! ಕೂಸನ್ನ ನೆಲಕ್ಕಿಳಿಸಿ ಅಳೀಬೇಕು ಕಣೋ!"

"ನೀನು ಇಳಿಸು ಅನ್ನಲಿಲ್ಲ ಮಾವ!"

ಸಂಜೆ ಅವ್ವ ಮುದ್ದೆ ತಿರುವುತ್ತಾ ಬೈದ್ಲು, "ಬರೀ ಎತ್ತರ ನೋಡಿದ್ರೆ ಆಯ್ತೇನ್ಲಾ? ವಯಸ್ಸು ನೋಡಬೇಡ್ವಾ? ನಮ್ಮ ಕಾಲದಲ್ಲಿ ಸ್ಕೂಲಿಗೆ ಸೇರಿಸೋವಾಗ ಮೇಷ್ಟ್ರು ಏನು ಮಾಡ್ತಿದ್ರು? ಬಲಗೈಯನ್ನ ತಲೆ ಮೇಲಿಂದ ಹಾಕಿ ಎಡಗಿವಿ ಮುಟ್ಟು ಅಂತಿದ್ರು. ಮುಟ್ಟಿದ್ರೆ ವಯಸ್ಸಾಯ್ತು, ಬಾ ಒಳಗೆ. ಮುಟ್ಟದಿದ್ರೆ ಬರೋ ವರ್ಷ ಬಾ. ನೀನೂ ಹಾಗೇ ಮಾಡು. ಕಿವಿ ಮುಟ್ಟದೋರನ್ನ ಒಬ್ಬರನ್ನೂ ಹತ್ತಿಸಬೇಡ!"

"ಸರಿ ಕಣವ್ವ, ಒಬ್ಬರನ್ನೂ ಹತ್ತಿಸಲ್ಲ!"

ಶುಕ್ರವಾರ ಬಂತು. "ಬಲಗೈ ಎತ್ತಿ, ಎಡಗಿವಿ ಮುಟ್ಟಿ!" ಅಂತ ಮಾಯಿಗ ಗೇಟಿನಲ್ಲಿ ನಿಂತು ಕೂಗಿದ್ದೇ ಕೂಗಿದ್ದು. ಮಕ್ಕಳು ಮುಟ್ಟಿದ್ರು. ಕಾಲೇಜು ಹುಡುಗೀರು ನಗ್ತಾ ನಗ್ತಾ ಮುಟ್ಟಿದ್ರು. ನಾಲ್ಕು ಪುಟಾಣಿಗಳಿಗೆ ಕೈ ಸಾಲಲಿಲ್ಲ, ವಾಪಸ್ಸು ಕಳಿಸಿದ. ಅಲ್ಲೀ ತನಕ ಎಲ್ಲಾ ಚೆನ್ನಾಗಿತ್ತು. ಆಮೇಲೆ ಪಂಚಾಯ್ತಿ ಅಧ್ಯಕ್ಷರು ಬಂದ್ರು. ಏನು ಮೈ ಅಂತೀರಿ! ಕುತ್ತಿಗೆ ಎಲ್ಲಿದೆ ಅಂತ ಅವರ ಹೆಂಡ್ತಿಗೂ ಗೊತ್ತಿರಲಿಲ್ಲ.

"ಬಲಗೈ ಎತ್ತಿ ಬುದ್ಧಿ, ಎಡಗಿವಿ ಮುಟ್ಟಿ!"

ಅಧ್ಯಕ್ಷರು ತಮಾಷೆ ಅಂದ್ಕೊಂಡು ಕೈ ಎತ್ತಿದ್ರು. ಕೈ ನೆತ್ತಿ ತನಕ ಹೋಯ್ತು, ಅಲ್ಲೇ ನಿಂತ್ಕೊಳ್ತು. ಮುಖ ಕೆಂಪಾಯ್ತು, ಅಂಗಿ ಕಂಕುಳಲ್ಲಿ ಪರ್ರಂತ ಹರೀತು, ಕಿವಿ ಮಾತ್ರ ಸಿಗಲಿಲ್ಲ.

"ನಿಮಗಿನ್ನೂ ವಯಸ್ಸಾಗಿಲ್ಲ ಬುದ್ಧಿ, ಬರೋ ವರ್ಷ ಬನ್ನಿ."

"ಲೋ! ನಾನು ಮೂರು ಮೊಮ್ಮಕ್ಕಳ ತಾತ ಕಣೋ!"

"ಹಾಗಾದ್ರೆ ಅವರನ್ನ ಕಳಿಸಿ ಬುದ್ಧಿ. ಅವರಿಗೆ ಕಿವಿ ಸಿಗಬಹುದು."

ಮರಿದೇವರು ಓಡಿಬಂದು ಅಧ್ಯಕ್ಷರ ಕಾಲಿಗೆ ಬೀಳೋದೊಂದು ಬಾಕಿ. ಅವರನ್ನ ಸಮಾಧಾನ ಮಾಡಿ ಕಳಿಸಿ, ಅಳಿಯನ ಮೇಲೆ ಹಾರಿದ. "ದೊಡ್ಡೋರ ತಂಟೆಗೆ ಹೋಗಬೇಡ! ಮಕ್ಕಳನ್ನ ನೋಡು, ಮಕ್ಕಳನ್ನ!"

"ಮಕ್ಕಳಲ್ಲಿ ಏನು ನೋಡ್ಲವ್ವ?" ಅಂತ ಮಾಯಿಗ ಮನೆಗೆ ಬಂದು ಕೇಳ್ದ.

"ಮುಖ ನೋಡ್ಲಾ! ಧೈರ್ಯ ಇರೋ ಮಗು ನಗುತ್ತೆ, ಹೆದರೋ ಮಗು ಅಳುತ್ತೆ. ನಗೋ ಮಗುವನ್ನ ಹತ್ತಿಸು, ಅಳೋ ಮಗುವನ್ನ ಬಿಡಬೇಡ. ಇಷ್ಟೂ ತಿಳಿಯೋದಿಲ್ವಾ?"

"ತಿಳೀತು ಕಣವ್ವ!"

ಶನಿವಾರ ಬಂತು. ಸಾಲಿನಲ್ಲಿ ಹತ್ತು ವರ್ಷದ ಒಬ್ಬ ಹುಡುಗ. ಯಾರೋ ಕಾಲು ತುಳಿದ್ರು ಅಂತ ಅಳ್ತಿದ್ದ. "ಅಳ್ತಿದೀಯ, ನೀನು ಹತ್ತಬೇಡ" ಅಂದ ಮಾಯಿಗ. ಹತ್ತಿಸಲ್ಲ ಅಂದಿದ್ದಕ್ಕೆ ಹುಡುಗ ಇನ್ನೂ ಅತ್ತ. ಇನ್ನೂ ಅತ್ತಿದ್ದಕ್ಕೆ ಮಾಯಿಗ ಇನ್ನೂ ಆಗಲ್ಲ ಅಂದ. ಆಗಲ್ಲ ಅಂದಷ್ಟೂ ಅವನು ಅತ್ತ, ಅತ್ತಷ್ಟೂ ಇವನು ಆಗಲ್ಲ ಅಂದ. ಕೊನೆಗೆ ಅವರಪ್ಪ ಬೈದು ಎಳ್ಕೊಂಡು ಹೋದ.

ಅವನ ಹಿಂದೆ ಒಬ್ಬಳು ಹೆಂಗಸು, ಕಂಕುಳಲ್ಲಿ ಆರು ತಿಂಗಳ ಕೂಸು. ಅವಳು ದೋಣಿಗೆ ಬಂದೋಳೇ ಅಲ್ಲ, ಜೊತೆಯೋರನ್ನ ಹುಡುಕ್ತಾ ನಿಂತಿದ್ಲು. "ಒಂದು ಗಳಿಗೆ ಕೂಸನ್ನ ಹಿಡ್ಕೊಳ್ಳಪ್ಪ, ಚೀಲದಿಂದ ಬಾಟಲಿ ತಗೋತೀನಿ" ಅಂತ ಕೂಸನ್ನ ಮಾಯಿಗನ ಕೈಗೆ ಕೊಟ್ಲು. ಕೂಸು ಅವನ ಮೀಸೆ ನೋಡ್ತು. ಕಿಲಕಿಲ ಅಂತ ನಗ್ತು.

"ಆಹಾ! ಎಂಥಾ ಧೈರ್ಯದ ಕೂಸು!"

ದೋಣಿಯ ಮುಂದಿನ ಸಾಲಿನಲ್ಲಿ ಕೂರಿಸಿದ. ಅಡ್ಡ ಕಂಬಿ ಹಾಕ್ದ. ಸೀಟಿ ಬಾಯಿಗಿಟ್ಕೊಂಡ. ಅಷ್ಟರಲ್ಲಿ ಮರಿದೇವರು ಗೇಟು ಹಾರಿ ಬಂದು ಕೂಸನ್ನ ಬಾಚ್ಕೊಂಡ.

ಅವನು ಆವತ್ತು ಕೂಗಲಿಲ್ಲ. ಕೂಸನ್ನ ಅವರಮ್ಮನ ಕೈಗೆ ಕೊಟ್ಟ. "ಒಂದು ಸೀಟಿ ಕಣೋ ಮಾಯಿಗ. ಒಂದು ಸೀಟಿ ಊದಿದ್ರೆ ಆ ಕೂಸು ಇರ್ತಿರಲಿಲ್ಲ" ಅಂದ. ಮಾಯಿಗನಿಗೆ ಆಗ ತಿಳೀತು. ಕೂಸಿನ ಮುಖ ನೋಡ್ದ, ಮೇಲೆ ದೋಣಿ ನೋಡ್ದ, ಗೇಟಿನ ಹತ್ರ ಕೂತು ಹೋ ಅಂತ ಅತ್ತ.

"ನಾಳೆ ಒಂದು ದಿನ ಉಳಿದಿದೆ, ಅಕ್ಕನ ಮುಖ ನೋಡಿ ಕೊಡ್ತಿದೀನಿ" ಅಂದ ಮಾವ.

ಸುದ್ದಿ ಕೇಳಿ ನಿಂಗಾಜಮ್ಮನ ಎದೆ ಝಲ್ಲಂತು. ಮಗನ ಪಕ್ಕ ಕೂತ್ಲು. ಆಮೇಲೆ ಮೆಲ್ಲಗೆ ಅಂದ್ಲು, "ಹೆತ್ತವಳು ಪಕ್ಕದಲ್ಲೇ ಇದ್ಲಲ್ಲ ಮಗನೇ, ಅವಳನ್ನ ಒಂದು ಮಾತು ಕೇಳಬಾರದಿತ್ತಾ? ಮಗು ಯಾವುದಕ್ಕೆ ತಯಾರು, ಯಾವುದಕ್ಕಲ್ಲ ಅಂತ ಹೆತ್ತವಳಿಗಿಂತ ಬಲ್ಲೋರು ಯಾರು? ನಾಳೆ ಹೆತ್ತವಳು ಹೂಂ ಅನ್ನದೆ ಯಾರನ್ನೂ ಹತ್ತಿಸಬೇಡ. ಯಾರನ್ನೂ!"

"ಯಾರನ್ನೂ ಹತ್ತಿಸಲ್ಲ ಕಣವ್ವ. ಆಣೆ!"

ಭಾನುವಾರ ಬಂತು. ಜನವೋ ಜನ. ಮಾಯಿಗ ಕಾಲು ಅಗಲಿಸಿ ಗೇಟಿಗೆ ಅಡ್ಡ ನಿಂತ. ಇವತ್ತು ತಪ್ಪಬಾರದು, ಇವತ್ತು ತಪ್ಪಿದ್ರೆ ಅವ್ವನಿಗೆ ತೋರಿಸೋಕೆ ಮುಖ ಇಲ್ಲ.

ಮೊದಲು ಬಂದೋರು ಬಿಳೀ ಮೀಸೆಯ ಒಬ್ಬ ನಿವೃತ್ತ ಮೇಷ್ಟ್ರು. "ನಿಮ್ಮವ್ವ ಎಲ್ಲಿ?" ಅಂದ ಮಾಯಿಗ.

"ನಮ್ಮವ್ವನಾ? ಅವಳು ಹೋಗಿ ಇಪ್ಪತ್ತು ವರ್ಷ ಆಯ್ತಲ್ಲಪ್ಪ."

"ಹಾಗಾದ್ರೆ ಹೂಂ ಅನ್ನೋರು ಯಾರು? ಆ ಕಡೆ ನಿಂತ್ಕೊಳ್ಳಿ."

ಆಮೇಲೆ ಹೊಸದಾಗಿ ಮದುವೆಯಾದ ಗಂಡ ಹೆಂಡ್ತಿ. ಗಂಡ ಜಗಳ ಆಡ್ದ, ಗೋಗರೆದ, ಕೊನೆಗೆ ಅವ್ವನಿಗೆ ಫೋನು ಮಾಡ್ದ. "ಬೇಡ ಕಂದಾ, ನಿನಗೆ ಮೊದಲೇ ಪಿತ್ತ" ಅಂದ್ಲು ಅವ್ವ. ಅವನು ಹೆಂಡ್ತಿ ಮುಂದೆ ತಲೆ ತಗ್ಗಿಸಿ ಹೋಗಿ ಕಡಲೆಕಾಯಿ ತಿಂತಾ ಕೂತ.

ಅಷ್ಟು ಹೊತ್ತಿಗೆ ಅಮ್ಮಂದಿರ ಗುಂಪು ಬಂತು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಪುಟಾಣಿ, ಮೂರು ವರ್ಷದ್ದು, ನಾಲ್ಕು ವರ್ಷದ್ದು. ಮುಂದಿದ್ದ ಕೂಸು ಇಂಚರ, ನಾಲ್ಕು ವರ್ಷ. ದೋಣಿ ನೋಡಿದ್ದೇ ಕಂಬ ತಬ್ಕೊಂಡಿತ್ತು. "ಹೂಂ, ಹತ್ತಿಸಪ್ಪ! ನನ್ನ ಮಗಳು ಹುಲಿ!" ಅಂದ್ಲು ಅವರಮ್ಮ. ಹೆತ್ತೋರಿಗೆ ಹೆಗ್ಗಣ ಮುದ್ದು, ಕೇಳಬೇಕಾ? ಹಿಂದಿನಿಂದ ಐದಾರು ಜನ, "ನಮ್ಮದೂ ಹೂಂ! ನಮ್ಮದೂ ಹೂಂ!"

ಮಾಯಿಗ ಹುಲಿಮರಿಯನ್ನ ಕಂಬದಿಂದ ಬಿಡಿಸ್ತಿದ್ದ. ಹುಲಿಮರಿ ಕೋಳಿಮರಿ ಹಾಗೆ ಕಿಚಕಿಚ ಅಳ್ತಿತ್ತು. ಬುತ್ತಿ ಹಿಡ್ಕೊಂಡು ಬಂದ ನಿಂಗಾಜಮ್ಮ ಇದನ್ನ ನೋಡಿದ್ಲು.

"ಬಿಡ್ಲಾ ಕೂಸನ್ನ!" ಅಂತ ಗುಡುಗಿದ್ಲು. ಅಮ್ಮಂದಿರ ಕಡೆ ತಿರುಗಿದ್ಲು. "ಏನ್ರವ್ವಾ, ಹೂಂ ಹೂಂ ಅಂತೀರಲ್ಲ, ನೀವು ಒಂದು ಸಲ ಆದ್ರೂ ಹತ್ತಿ ನೋಡಿದೀರಾ?"

"ಅಯ್ಯೋ, ನಮಗೆ ತಲೆ ಸುತ್ತುತ್ತೆ ಅಜ್ಜಿ!"

"ಶಿವ ಶಿವಾ! ಮೂವತ್ತು ವರ್ಷದ ನಿಮಗೆ ತಲೆ ಸುತ್ತೋದು, ನಾಲ್ಕು ವರ್ಷದ ಕೂಸಿಗೆ ಸುತ್ತಲ್ವಾ? ಲೋ ಮಾಯಿಗ, ಕಿವಿಗೊಟ್ಟು ಕೇಳು. ಯಾವ ಹೆತ್ತವಳು ಹೂಂ ಅಂತಾಳೋ, ಮೊದಲು ಅವಳನ್ನೇ ಹತ್ತಿಸಿ ತೂಗು. ಸಾಕು ಅಂತ ಅವಳ ಬಾಯಲ್ಲೇ ಬರೋ ತನಕ ಇಳಿಸಬೇಡ. ಆಮೇಲೂ ಹೂಂ ಅಂದ್ರೆ ನೋಡೋಣ!"

"ಹಾಗೇ ಆಗ್ಲಿ ಕಣವ್ವ!" ಅಂತ ಮಾಯಿಗ ತೋಳು ಮಡಿಚಿದ. "ಈಗ ಹೇಳಿ, ಯಾರು ಹೂಂ?"

ಇಂಚರನ ಅಮ್ಮ ಮಗಳನ್ನ ಎತ್ಕೊಂಡು, "ನಡಿ ಚಿನ್ನ, ಪುಟಾಣಿ ರೈಲಿಗೆ ಹೋಗೋಣ" ಅಂದ್ಲು. ಕೂಸು ಕಣ್ಣೀರು ಒರೆಸ್ಕೊಂಡು ನಗ್ತು. ಉಳಿದೋರೂ ಹಿಂದೆಯೇ ಹೋದ್ರು.

ದೂರದಿಂದ ಮರಿದೇವರು ಎಲ್ಲಾ ನೋಡ್ತಿದ್ದ. ಗೆರೆ ಎಳೆದ, ಬೋರ್ಡು ಹಾಕ್ದ, ಮೈಕಿನಲ್ಲಿ ಗಂಟಲು ಹರ್ಕೊಂಡ, ಈ ಅಮ್ಮಂದಿರು ಯಾವತ್ತೂ ಕೇಳಿರಲಿಲ್ಲ. ಇವತ್ತು ಒಂದೇ ಮಾತಿಗೆ ಗೇಟು ಖಾಲಿ! ಅವನು ಅಕ್ಕನ ಹತ್ರ ಬಂದ.

"ಅಕ್ಕ, ಇವತ್ತು ನಿನ್ನ ಮಗ ಗೇಟು ಕಾದ ಹಾಗೆ ಯಾರೂ ಕಾದಿಲ್ಲ. ಈಗ ನೀನೇ ಹೇಳು. ಹೆತ್ತವಳು ನೀನು. ಇವನು ಈ ಕೆಲಸಕ್ಕೆ ಆಗ್ತಾನಾ? ನೀನು ಹೂಂ ಅಂದ್ರೆ ನಾಳೆಯಿಂದ ಕಾಯಂ."

ನಿಂಗಾಜಮ್ಮ ಮಗನ ಹತ್ರ ಬಂದ್ಲು. ನಿನ್ನ ಮಗ ಯಾವುದಕ್ಕಾದ್ರೂ ಆಗ್ತಾನಾ ಅಂತ ಇಪ್ಪತ್ತಾರು ವರ್ಷದಲ್ಲಿ ಒಬ್ಬರೂ ಅವಳನ್ನ ಕೇಳಿರಲಿಲ್ಲ. ಕಣ್ಣು ತುಂಬಿ, ಎದೆ ತುಂಬಿ, ಮಗನ ತಲೆ ಸವರಿ ಅಂದ್ಲು, "ಹೂಂ ಕಣೋ ತಮ್ಮಯ್ಯ. ಹೂಂ. ಸಾವಿರ ಸಲ ಹೂಂ!"

ಮಾಯಿಗ ಕೇಳಿಸ್ಕೊಂಡ. ಹೆತ್ತವಳು. ಹೂಂ.

ಅವ್ವನ್ನ ಎತ್ಕೊಂಡ. ಬುತ್ತಿ ಕೆಳಗೆ ಬಿತ್ತು. ದೋಣಿಯ ತುದಿ ಸೀಟಿನಲ್ಲಿ ಕೂರಿಸಿದ, ಕಂಬಿ ಹಾಕ್ದ, ಭದ್ರವಾಗಿದೆಯಾ ಅಂತ ಎರಡು ಸಲ ಅಲ್ಲಾಡಿಸಿ ನೋಡ್ದ. ಒಂದು ಸೀಟಿ ಊದ್ದ.

"ಏನ್ಲಾ ಇದು? ಲೋ! ಲೋ ಮಾಯಿಗಾ!"

ದೋಣಿ ಒಂದು ಸಲ ತೂಗ್ತು, ಎರಡು ಸಲ ತೂಗ್ತು, ಮೂರನೇ ಸಲಕ್ಕೆ ಅವ್ವ ಆಕಾಶದಲ್ಲಿ. ತುರುಬು ಬಿಚ್ಚಿತು, ಚಪ್ಪಲಿ ಒಂದು ಆ ಕಡೆ, ಒಂದು ಈ ಕಡೆ.

"ಇಳಿಸೋ ಪಾಪಿ! ನಿಲ್ಲಿಸೋ ಮುಂಡೇದೇ! ಅಯ್ಯಯ್ಯೋ ಸತ್ತೆ ಕಣೋ!"

"ಎರಡು ಸೀಟಿ ಊದೋ!" ಅಂತ ಮರಿದೇವರು ಬಾಯಿ ಬಡ್ಕೊಂಡು ಸ್ವಿಚ್ಚಿನ ಕೋಣೆ ಕಡೆ ಓಡ್ದ.

"ಇಲ್ಲ ಮಾವ, ಅವ್ವ ಸಾಕು ಅನ್ನೋದೊಂದು ಮಾತು ಬಿಟ್ಟು ಎಲ್ಲಾ ಅಂದ್ಲು" ಅಂದ ಮಾಯಿಗ. ಸೀಟಿಯನ್ನ ಮುಷ್ಟಿಯಲ್ಲಿ ಭದ್ರವಾಗಿ ಹಿಡ್ಕೊಂಡು, ಮೇಲೆ ಮುಖ ಮಾಡಿ ಕೂಗಿ ಹೇಳ್ದ, "ಹೆದರಬೇಡ ಕಣವ್ವಾ! ಮೂರು ದಿನ ನಿನ್ನ ಮಾತು ಕೆಡಿಸಿದೆ. ಇವತ್ತು ಸತ್ರೂ ಕೆಡಿಸಲ್ಲ!"