ಬೀಳ್ಕೊಡುಗೆಗೆ ಹೊರಟ ಗಾಡಿ

ಕಾಡಿನ ಶಾಲೆಯ ಬೀಳ್ಕೊಡುಗೆ ಕೂಟಕ್ಕೆ ಹೋಗಲು ಅಳಿಲು ತನ್ನ ಸಹಪಾಠಿಗಳಿಗಾಗಿ ಕುದುರೆಗಾಡಿಯೊಂದನ್ನು ಬಾಡಿಗೆಗೆ ಗೊತ್ತುಮಾಡಿತ್ತು. ಗುಡ್ಡದ ತಿರುವಿನಲ್ಲಿ ಗಾಡಿ ಕಂದಕದ ಕಡೆಗೆ ವಾಲಿತು.

"ಕುದುರೆಯಣ್ಣ, ನಿಲ್ಲು!" ಎಂದು ಅಳಿಲು ಚೀರಿತು.

ಕುದುರೆ ಬೆಚ್ಚಿ ನಿಂತು, "ತೂಕಡಿಕೆ ಬಂತು. ನಿನ್ನೆಯಿಂದ ನಿದ್ದೆಯಿಲ್ಲ. ಮೊದಲೇ ಹೇಳಿದ್ದರೆ ನೀವು ಬೇರೆ ಗಾಡಿ ಹಿಡಿಯುತ್ತಿದ್ದಿರಿ" ಎಂದಿತು.

"ಎಳಿ ಗಾಡಿ! ಹೊಸ ಬಟ್ಟೆ ತೊಟ್ಟು ಧೂಳಿನಲ್ಲಿ ನಡೆದುಹೋದರೆ ಎಲ್ಲರೂ ನಗುತ್ತಾರೆ" ಎಂದು ನವಿಲು ರೇಗಿತು.

"ನಗಲಿ. ಗಾಡಿ ಮಾಡಿದವನು ನಾನು. ಎಲ್ಲರೂ ಇಳಿಯಿರಿ" ಎಂದ ಅಳಿಲು ಗಾಲಿಗೆ ಕಲ್ಲು ಕೊಟ್ಟು ಕುದುರೆಯನ್ನು ಬಿಚ್ಚಿತು. "ಅಣ್ಣ, ನೀನು ಮಲಗು."

ಅವರು ನಡೆದು ತಲುಪುವಷ್ಟರಲ್ಲಿ ಕುಣಿತ ಮುಗಿದಿತ್ತು. ಬಾಗಿಲಲ್ಲಿ ಕಾದು ನಿಂತಿದ್ದ ಆನೆ ಮೇಷ್ಟ್ರು ಒಬ್ಬೊಬ್ಬರ ತಲೆಯನ್ನೂ ಸೊಂಡಿಲಿನಿಂದ ಮುಟ್ಟಿ ನೋಡಿ, ಒಳಗೆ ತಿರುಗಿ ಕೂಗಿದರು: "ಮಕ್ಕಳೆಲ್ಲ ಬಂದರು. ವಾದ್ಯದವರೇ, ಮತ್ತೆ ಶುರುಮಾಡಿ!"