ಎಲ್ಯಾಂಡಿನ ಮಾಲೀಕ

ಕಲಹಾರಿ ಮರುಭೂಮಿಯ ಸಾನ್ ಎಂಬ ಬೇಟೆಗಾರ ಬುಡಕಟ್ಟಿನ ಒಂದು ಹಾಡಿಯಲ್ಲಿ ಹೆಂಗಸರು ಎಲ್ಯಾಂಡ್ ಎಂಬ ದೊಡ್ಡ ಜಿಂಕೆಯ ಚಿತ್ರವನ್ನು ಬಟ್ಟೆಯ ಮೇಲೆ ಬರೆದು ಮಾರುತ್ತಿದ್ದರು. ಹಾಡಿಯ ಅನ್ನ ಅದರಿಂದಲೇ. ಮಕ್ಕಳು ಹಿರಿಯರ ಬೇಟೆಯ ಕಥೆಗಳನ್ನು ಕಲಿಯುತ್ತಿದ್ದುದೂ ಅದರಿಂದಲೇ.

ಒಂದು ದಿನ ಪಟ್ಟಣದ ವ್ಯಾಪಾರಿ ಕ್ರಾಮರ್ ಕರಾರುಪತ್ರ ತಂದ. "ಇಂದಿನಿಂದ ಎಲ್ಯಾಂಡ್ ನನ್ನದು. ನನ್ನ ಅಪ್ಪಣೆಯಿಲ್ಲದೆ ಯಾರೂ ಅದನ್ನು ಬರೆಯಕೂಡದು. ಒಪ್ಪದಿದ್ದರೆ ಪಟ್ಟಣದ ಒಂದು ಅಂಗಡಿಯೂ ನಿಮ್ಮ ಬಟ್ಟೆ ಕೊಳ್ಳದಂತೆ ಮಾಡುತ್ತೇನೆ" ಎಂದ.

ಹಿರಿಯ ಚಿತ್ರಗಾರ್ತಿ ಕುಶೆ ಕುಂಚವನ್ನು ತೊಳೆದಿಟ್ಟಳು. "ಆಗಲಿ ಸ್ವಾಮಿ. ಒಂದೇ ಸಾಲು ಸೇರಿಸಿ: ಎಲ್ಯಾಂಡಿನ ಮಾಲೀಕನು ಹಾಡಿಯ ಪದ್ಧತಿಯಂತೆ ನಡೆಯತಕ್ಕದ್ದು."

ಅದು ಮಾಲೀಕನಿಗೆ ಮರ್ಯಾದೆ ಸಲ್ಲಿಸುವ ಪದ್ಧತಿಯಿರಬೇಕೆಂದು ಭಾವಿಸಿದ ಕ್ರಾಮರ್ ಸ್ವಹಸ್ತದಿಂದ ಬರೆದು ಸಹಿ ಮಾಡಿದ. ಕುಶೆ ಹೆಬ್ಬೆಟ್ಟು ಒತ್ತಿದಳು. ಕೂಡಲೇ ಇಡೀ ಹಾಡಿ ಬಂದು ಅವನ ಸುತ್ತ ಕುಳಿತಿತು.

"ಇವರೇಕೆ ಬಂದರು?"

"ಪಾಲಿಗೆ. ನಮ್ಮಲ್ಲಿ ಬೇಟೆಯ ಮಾಲೀಕನೇ ಅದನ್ನು ಎಲ್ಲರಿಗೂ ಹಂಚಬೇಕು. ಒಬ್ಬರನ್ನೂ ಬಿಡುವಂತಿಲ್ಲ."

"ಚಿತ್ರದಲ್ಲಿ ಮಾಂಸವೆಲ್ಲಿದೆ ಅಜ್ಜಿ?"

"ಮಾಂಸವಿಲ್ಲ. ಬರೆಯುವ ಹಕ್ಕಿದೆಯಲ್ಲ, ಅದನ್ನೇ ಹಂಚಿ."

ಕ್ರಾಮರ್ ಕರಾರನ್ನು ಎರಡು ಸಲ ಓದಿದ. ಅಕ್ಷರಗಳು ಅವನವೇ. ಬೆವರೊರೆಸಿಕೊಳ್ಳುತ್ತ ಮನೆಮನೆಗೂ ಹಕ್ಕು ಬರೆದುಕೊಟ್ಟ. ಕೊನೆಗೆ ಮುಖ ಸಿಂಡರಿಸಿ ಕೇಳಿದ: "ಮಾಲೀಕನಿಗೆ ಏನೂ ಇಲ್ಲವೇ?"

"ಉಂಟು" ಎಂದಳು ಕುಶೆ. "ಎಷ್ಟೇ ದೊಡ್ಡ ಬೇಟೆ ತಂದರೂ 'ಇದು ಬರೀ ಮೂಳೆ' ಎಂದು ಎಲ್ಲರೂ ಅವನನ್ನು ಹಾಸ್ಯ ಮಾಡಬೇಕು. ಅವನಿಗೆ ಸೊಕ್ಕು ಬರಬಾರದಲ್ಲ. ಕುಳಿತುಕೊಳ್ಳಿ ಸ್ವಾಮಿ, ಮೊದಲು ನಾನೇ ಶುರುಮಾಡುತ್ತೇನೆ."